ಆ ಬೂತು ಯಾರದ್ದು?

ಚುನಾವಣೆ ಮುಗಿದ ಮೇಲೆ ನೀರಿನ ಪೈಪು ಅರ್ಧಕ್ಕೇ ನಿಂತ ಕೇರಿಯೊಂದಕ್ಕೆ ವರದಿಗೆ ಹೋಗಿದ್ದೆವು. ಅಲ್ಲಿನ ಅಜ್ಜಿ ಕೇಳಿದರು: "ನಾವು ಯಾರಿಗೆ ಹಾಕಿದ್ವಿ ಅಂತ ಅವರಿಗೆ ಹೆಂಗೆ ಗೊತ್ತಾತಪ್ಪಾ?"

ಈ ಪ್ರಶ್ನೆಗೆ ಹಳೆಯ ಇತಿಹಾಸವಿದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಬರಹದಲ್ಲಿ ಅದನ್ನು 'ರಾಂಪುರ' ಎಂದು ಕರೆದರು. ಆ ಊರಿನ ಬಗ್ಗೆ 1955ರಲ್ಲಿ ಪ್ರಕಟವಾದ ಲೇಖನದಲ್ಲಿ 'ವೋಟ್ ಬ್ಯಾಂಕ್' ಎಂಬ ಮಾತು ಬಳಸಿದರು. ಇಂದು ನಾವು ಆ ಮಾತನ್ನು ಜಾತಿ, ಧರ್ಮಕ್ಕೆ ಅಂಟಿಸುತ್ತೇವೆ. ಅವರು ಹೇಳಿದ್ದು ಊರ ಯಜಮಾನನ ಬಗ್ಗೆ. ಜಮೀನು, ಸಾಲ, ಕೆಲಸಕ್ಕೆ ಅವನನ್ನೇ ನೆಚ್ಚಿಕೊಂಡವರ ಮತ ಅವನು ಹೇಳಿದ ಕಡೆಗೆ ಹೋಗುತ್ತಿತ್ತು.

ಈ ಕಟ್ಟು ಸಡಿಲವಾಗಬಹುದೆಂದು ಸಾಗರ ಸೀಮೆ ತೋರಿಸಿತು. 1951ರಲ್ಲಿ ಕಾಗೋಡಿನ ಗೇಣಿದಾರರು, ಹೆಚ್ಚಿನವರು ದೀವರು, ಭತ್ತ ಅಳೆಯುವ ಕೊಳಗದ ವಿಷಯಕ್ಕೆ ಭೂಮಾಲೀಕರನ್ನು ಎದುರು ಹಾಕಿಕೊಂಡರು. ಅವರ ಜೊತೆಗಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಗೌಡರು ದೀವರಲ್ಲ. ಮುಂದೆ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಭೂನ್ಯಾಯ ಮಂಡಳಿಯಲ್ಲಿ ಹೊಲ ತನ್ನ ಹೆಸರಿಗೆ ಮಾಡಿಸಿಕೊಂಡವನಿಗೆ ಧಣಿಯ ಭಯ ಕಡಿಮೆಯಾಯಿತು. ಬರೀ ಕೂಲಿ ಮಾಡುತ್ತಿದ್ದವರಿಗೆ ಅರ್ಜಿ ಹಾಕಲು ಗೇಣಿ ಭೂಮಿಯೇ ಇರಲಿಲ್ಲ. ಅವರ ಕೇರಿಗೆ ಈಗಲೂ ರಸ್ತೆ, ನೀರು, ಮನೆ ಎಲ್ಲವೂ ಯಾರೋ ಕೊಡಿಸಬೇಕಾದವು.

ಇಲ್ಲೇ ಅಜ್ಜಿಯ ಪ್ರಶ್ನೆ ಬರುವುದು. ಹಳ್ಳಿಯಲ್ಲಿ ಒಂದು ಬೂತೆಂದರೆ ಕೆಲವೇ ಕೇರಿ. ಕೇರಿಗಳು ಜಾತಿವಾರು ಬೇರೆಯಾಗಿರುವ ಕಡೆ ಬೂತಿನ ಅಂಕಿ ನೋಡಿದರೆ ಮನೆಗಳ ಲೆಕ್ಕವೇ ಸಿಗುತ್ತದೆ. ಎಲ್ಲರೂ ಬೆರೆತು ಬಾಳುವ ಬೀದಿಯಲ್ಲಿ ಅಷ್ಟು ಸುಲಭವಿಲ್ಲ. ಮತಪತ್ರದ ಕಾಲದಲ್ಲಿ ಹಲವು ಬೂತುಗಳ ಚೀಟಿ ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಬೂತಿನ ಲೆಕ್ಕ ಬೇರೆಯಾಗಿಯೇ ಹೊರಬೀಳುತ್ತದೆ. ಹಲವು ಯಂತ್ರಗಳ ಮತ ಒಟ್ಟುಗೂಡಿಸಿ ತೋರಿಸುವ 'ಟೋಟಲೈಸರ್' ಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಕೇಳಿತು. ಕಾನೂನು ಆಯೋಗವೂ 2015ರಲ್ಲಿ ಅದನ್ನೇ ಶಿಫಾರಸು ಮಾಡಿತು. ಜಾರಿಯಾಗಿಲ್ಲ.

ಅಜ್ಜಿಗೆ ಇಷ್ಟನ್ನೂ ಹೇಳಿದೆವು. ಹೇಳದೆ ಉಳಿದದ್ದು ಒಂದಿದೆ. ಎಣಿಕೆಯ ಮಾರನೇ ದಿನ ಬೂತುವಾರು ಪಟ್ಟಿ ಹಿಡಿದು 'ಈ ಕೇರಿ ಕೈಕೊಟ್ಟಿತು' ಎಂದು ಬರೆಯುವವರಲ್ಲಿ ನಾವೂ ಇದ್ದೇವೆ.