ಟೇಪಿಲ್ಲದ ಕ್ಯಾಸೆಟ್

ಕಾರು ಇಪ್ಪತ್ತು ವರ್ಷ ಬಾಳಬಹುದು. ಹಾಡು ಕೇಳುವ ಸಾಧನ ಅಷ್ಟು ದಿನ ಕಾಯುವುದಿಲ್ಲ. ಹಳೆಯ ಕಾರಿನ ಟೇಪ್ ಪ್ಲೇಯರಿಗೆ ಸ್ಮಾರ್ಟ್‌ಫೋನ್ ಜೋಡಿಸಲು ಹೊರಟವರನ್ನು ಕಾಡುವ ಈ ತೊಡಕಿಗೆ ಪರಿಹಾರ ಸಿಕ್ಕಿದ್ದು ಮಾತ್ರ ಸ್ಮಾರ್ಟ್‌ಫೋನ್ ಹುಟ್ಟುವ ಮೊದಲೇ.

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನಲ್ಲಿ ಪರಿಚಯಿಸಿದ ಧ್ವನಿಸುರುಳಿ ಮುಂದೆ ಕಾರುಗಳಿಗೂ ಬಂತು. 1982ರಲ್ಲಿ ಸಿ.ಡಿ., 1984ರಲ್ಲಿ ಸೋನಿಯ ಪುಟ್ಟ ಸಿ.ಡಿ. ಪ್ಲೇಯರ್ ಮಾರುಕಟ್ಟೆಗೆ ಬಂದಾಗಲೂ ಬಹುಪಾಲು ಕಾರುಗಳಲ್ಲಿ ಇದ್ದದ್ದು ಟೇಪೇ. ಇವೆರಡನ್ನೂ ಬೆಸೆಯುವ ಅಡಾಪ್ಟರಿಗೆ ಅಮೆರಿಕದ ಲ್ಯಾರಿ ಷಾಟ್ಜ್ 1988ರಲ್ಲಿ ಪೇಟೆಂಟ್ ಪಡೆದರು.

ನೋಡಲು ಅದು ಮಾಮೂಲಿ ಕ್ಯಾಸೆಟ್. ಒಳಗೆ ಟೇಪಿಲ್ಲ, ಟೇಪ್ ಓಡುತ್ತಿದೆಯೆಂದು ಪ್ಲೇಯರನ್ನು ನಂಬಿಸಲು ಒಂದಷ್ಟು ಹಲ್ಲುಚಕ್ರಗಳು, ಟೇಪ್ ಹಾಯುವ ಜಾಗದಲ್ಲಿ ಸುರುಳಿ ಸುತ್ತಿದ ಒಂದು ಹೆಡ್. ಪ್ಲೇಯರಿನ ಹೆಡ್ ಗ್ರಹಿಸುವುದು ಟೇಪನ್ನಲ್ಲ, ಕಾಂತಕ್ಷೇತ್ರದ ಏರಿಳಿತವನ್ನು. ತಂತಿಯಲ್ಲಿ ಹರಿದು ಬಂದ ಹಾಡು ಅದೇ ಏರಿಳಿತವನ್ನು ಹುಟ್ಟಿಸಿದರೆ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಚಕ್ರಗಳ ಕರಕರ ಸದ್ದನ್ನು ಸಹಿಸಿಕೊಳ್ಳಬೇಕು, ಅಷ್ಟೆ.

ಸ್ಟೀರಿಯೊವನ್ನೇ ಬದಲಿಸಬಾರದೇ? 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಪ್ರಮಾಣಿತ ಗೂಡಿದ್ದರೆ ಅದು ಸುಲಭ. ಕಂಪನಿಯವರು ಸ್ಟೀರಿಯೊವನ್ನು ಡ್ಯಾಷ್‌ಬೋರ್ಡಿನ ಆಕಾರದಲ್ಲೇ ಸೇರಿಸಿಬಿಟ್ಟಿರುವ ಕಾರುಗಳಲ್ಲಿ ಹಾಗೆ ಮಾಡಿದರೆ ಕಾರಿನ ಅಂದವೇ ಕೆಡುತ್ತದೆ. ಅಂಥವರಿಗೆ ಈ ಅಗ್ಗದ ಪೆಟ್ಟಿಗೆಯೇ ಗತಿ.

ಆದರೆ 2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ 3.5 ಮಿ.ಮೀ. ಜ್ಯಾಕನ್ನೇ ತೆಗೆಯಿತು, ಬೇರೆ ಅನೇಕ ಕಂಪನಿಗಳೂ ಅದೇ ದಾರಿ ಹಿಡಿದವು. ಈ ಸಲ ಕೈಕೊಟ್ಟದ್ದು ಹಳೆಯ ಕಾರಲ್ಲ, ಹೊಸ ಫೋನು. ತಂತಿಯ ಬದಲು ಬ್ಲೂಟೂತ್ ಇರುವ ಕ್ಯಾಸೆಟ್‌ಗಳು ಈಗ ಸಿಗುತ್ತವೆ. ಅವುಗಳೊಳಗೆ ಬ್ಯಾಟರಿಯಿದೆ, ಆಗಾಗ ಚಾರ್ಜ್ ಮಾಡಬೇಕು.