ಕಿತ್ತ ಸಸಿ, ಹಚ್ಚಿದ ಸಸಿ



ದೂರದ ಪೇಟೆಯ ಏರಿಳಿತ ನಮ್ಮ ಸೀಮೆಗೆ ಹೊಸದಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ಬರುವುದು ನಿಂತು, ಧಾರವಾಡ ಪ್ರಾಂತದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಯುದ್ಧ ಮುಗಿಯಿತು, ಬೆಲೆಯೂ ಇಳಿಯಿತು. ಆದರೆ ಆಗ ಮಾರಾಟವಾದದ್ದು ಬೆಳೆ, ನೆಲವಲ್ಲ.

ನೂರಿಪ್ಪತ್ತು ವರ್ಷಗಳ ತರುವಾಯ ನೆಲವನ್ನೇ ಕೇಳುವವರು ಬಂದರು. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ನೀಲಗಿರಿ ಮರವನ್ನು ತಿರುಳಾಗಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿದೆ. ಆ ತಿರುಳನ್ನು ಕ್ಷಾರ ಮತ್ತು ಇಂಗಾಲದ ಡೈಸಲ್ಫೈಡಿನಿಂದ ಕರಗಿಸಿ, ಸೂಕ್ಷ್ಮ ರಂಧ್ರಗಳ ಮೂಲಕ ಎಳೆದರೆ ಕೃತಕ ನೂಲಿನ ಎಳೆ ಸಿದ್ಧವಾಗುತ್ತದೆ. ಕಾರ್ಖಾನೆ ಕೆಲವರಿಗೆ ಅನ್ನ ಕೊಟ್ಟಿತು. ಹೊಳೆಯ ಕೆಳಗಿನ ಊರುಗಳವರೋ ನೀರು ಕೆಟ್ಟಿತು, ಮೀನು ಸತ್ತವು ಎಂದು ದೂರಿದರು.

ಮರದ ಹಸಿವು ನದಿಯನ್ನು ದಾಟಿ ಊರೊಳಗೆ ಬಂದಿತು. 1983ರ ಸುಮಾರಿಗೆ ವಿಶ್ವಬ್ಯಾಂಕು ಹಾಗೂ ಬ್ರಿಟನ್ನಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಆರಂಭವಾಗಿ ನೀಲಗಿರಿ ಎಲ್ಲೆಡೆ ಹಬ್ಬಿತು. 1984ರಲ್ಲಿ ಸರಕಾರವೂ ಆ ಕಾರ್ಖಾನೆಯೂ ಪಾಲುಗಾರರಾಗಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ಸುಮಾರು 30,000 ಹೆಕ್ಟೇರು ಸಾಮೂಹಿಕ ಭೂಮಿಯನ್ನು ಅದಕ್ಕೆ ಕೊಡುವ ಯೋಜನೆಯಾಯಿತು.

ಕಾಗದದ ಮೇಲೆ ಅದು ಪಾಳುಭೂಮಿ. ಬಾಲ್ಯದಲ್ಲಿ ದನಗಳ ಹಿಂದೆ ಗಾಯರಾಣ ಸುತ್ತಿದ ನನ್ನಂಥವನಿಗೆ ಆ ಮಾತು ವಿಚಿತ್ರವಾಗಿ ಕೇಳುತ್ತದೆ. ಹುಲ್ಲು, ಸೌದೆ, ಔಷಧಿಯ ಬೇರು ಇವೆಲ್ಲ ಹೊಲವಿಲ್ಲದವರ ಆಸ್ತಿ. ಅದಕ್ಕೆ ಪತ್ರವಿಲ್ಲ, ಬಳಕೆಯೊಂದೇ ಸಾಕ್ಷಿ. ದನವಂತೂ ನೀಲಗಿರಿಯ ಎಲೆಯನ್ನು ಮುಟ್ಟದು.

ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ನೆರೆದರು. ಒಂದಿಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಸಸಿಗಳನ್ನು ಹಚ್ಚಿದರು. 'ಕಿತ್ತಿಕೋ-ಹಚ್ಚಿಕೋ' ಎಂದೇ ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಇಂದಿಗೂ ಉದ್ಯಮ ಬೇಕೆಂಬ ಬೇಡಿಕೆಯಿದೆ, ಅದು ನ್ಯಾಯವಾದುದೇ. ಬಂಡವಾಳ ಬರಲಿ. ಆದರೆ ಊರಿನ ಹುಲ್ಲು, ಹೊಳೆಯ ನೀರುಗಳ ಲೆಕ್ಕವನ್ನೂ ಅದರ ಖಾತೆಯಲ್ಲಿ ಬರೆಯಬೇಕು. ಆ ಲೆಕ್ಕವನ್ನು ಮೊದಲು ಕೇಳಬೇಕಾದವರು ಊರವರೇ.

ಭಾಷೆಯ ಮೇಷ್ಟ್ರಾದ ನಾನು ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಸಸಿಯನ್ನೂ 'ಹಚ್ಚು'ತ್ತಾರೆ, ದೀಪವನ್ನೂ 'ಹಚ್ಚು'ತ್ತಾರೆ. ಕುಸನೂರಿನವರು ಅಂದು ಎರಡನ್ನೂ ಹಚ್ಚಿದರು.