ಹಿಂದುಳಿದದ್ದು ಸರಿ, ಯಾರಿಗಿಂತ?

ರಟ್ಟೀಹಳ್ಳಿ ನಮ್ಮ ಮಾವನ ಊರು. (ಅವ್ವನ ತಮ್ಮ, ಹೆಣ್ಣು ಕೊಟ್ಟ ಮಾವ ಅಲ್ಲ.) 2002ರಲ್ಲಿ ನಂಜುಂಡಪ್ಪ ಸಮಿತಿಯ ವರದಿ ಬಂದಾಗ ಪೇಪರು ಹಿಡಕೊಂಡು ಕೂತಿದ್ದ ಮಾವ ನನ್ನನ್ನ ಕೇಳಿದ್ದರು: "ಹಿಂದುಳದದ್ದು ಹಿಂದುಳದದ್ದು ಅಂತಾರಲ್ಲೋ ಅಳಿಯಾ, ಯಾರ್ಕಿಂತ ಹಿಂದ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಕೊಂಡದ್ದನ್ನ ಇಲ್ಲಿ ಬರೀತಿದೀನಿ.

ಡಾ. ಡಿ.ಎಂ. ನಂಜುಂಡಪ್ಪ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು, ಅರ್ಥಶಾಸ್ತ್ರಜ್ಞರು. ಪ್ರಾದೇಶಿಕ ಅಸಮತೋಲನ ಅಳೆಯೋಕೆ ಸರ್ಕಾರ 2000ದಲ್ಲಿ ಅವರ ಸಮಿತಿ ಮಾಡಿತು. ಅವರು ಮಾಡಿದ ದೊಡ್ಡ ಕೆಲಸ ಅಂದ್ರೆ ಜಿಲ್ಲೆಯಷ್ಟಕ್ಕೇ ನಿಲ್ಲದೆ ತಾಲ್ಲೂಕಿಗೆ ಇಳಿದದ್ದು. ಇದು ಯಾಕೆ ದೊಡ್ಡದು ಅಂತ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತೆ. 1997ರ ತನಕ ರಟ್ಟೀಹಳ್ಳಿ ಇದ್ದದ್ದು 17 ತಾಲ್ಲೂಕಿನ ಹಳೇ ಧಾರವಾಡ ಜಿಲ್ಲೆಯಲ್ಲಿ. ಅದೇ ಜಿಲ್ಲೆಯಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ: ಕಾರ್ಖಾನೆ, ದೊಡ್ಡಾಸ್ಪತ್ರೆ, ಕಾಲೇಜು, ಬ್ಯಾಂಕು ಎಲ್ಲಾ ಅಲ್ಲಿ. ಹುಬ್ಬಳ್ಳಿ ಆಸ್ಪತ್ರೆಯ ಹಾಸಿಗೆಗಳನ್ನ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಜನಕ್ಕೂ ಸೇರಿಸಿ ಭಾಗಿಸಿದ್ರೆ ಕಾಗದದ ಮೇಲೆ ಎಲ್ಲರಿಗೂ ಒಂದಿಷ್ಟು ಸಿಗುತ್ತೆ. ಜ್ವರ ಬಂದಾಗ ಸಿಗಬೇಕಲ್ಲ! ಹಾವೇರಿ ಬೇರೆ ಜಿಲ್ಲೆ ಆದಮೇಲೆ ಆ ಮುಸುಕು ಸ್ವಲ್ಪ ಸರಿಯಿತು.

ಸಮಿತಿ 35 ಮಾನದಂಡ ಇಟ್ಟುಕೊಂಡು 175 ತಾಲ್ಲೂಕುಗಳನ್ನ ಅಳೆಯಿತು. ನೀರಾವರಿ, ರಸ್ತೆ, ಬ್ಯಾಂಕು, ಟೆಲಿಫೋನು, ಡಾಕ್ಟರು, ಶಾಲೆ ಬಿಟ್ಟ ಮಕ್ಕಳು, ಹೀಗೆ. ರಾಜ್ಯದ ಸರಾಸರಿ 1 ಅಂತ ಗೆರೆ ಎಳೆದರು. ಗೆರೆಯ ಕೆಳಗೆ ಬಿದ್ದವು 114 ತಾಲ್ಲೂಕು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಎಲ್ಲಕ್ಕಿಂತ ಕೆಳಗೆ 0.53ರ ದೇವದುರ್ಗ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಬೇಕು ಅಂದರು. ಅಂದ್ರೆ ದಶಮಾಂಶದ ಒಂದು ಅಂಕಿ ಅತ್ತಿತ್ತ ಆದ್ರೆ ಒಂದೂರಿಗೆ ರಸ್ತೆ ಬರಬಹುದು, ಬರದೇ ಇರಬಹುದು.

ಮಾವನ ಪ್ರಶ್ನೆಗೆ ಉತ್ತರ ಇರೋದು ಆ 1ರಲ್ಲಿ. ರಾಜ್ಯದ ಸರಾಸರಿ ಅಂದಮೇಲೆ ಅದರೊಳಗೆ ಬೆಂಗಳೂರೂ ಇದೆ. ಉದಾಹರಣೆಗೆ ಅಂತ ಇಟ್ಕೊಳ್ಳಿ, ಒಂದು ತಾಲ್ಲೂಕಲ್ಲಿ ನೂರು ಮನೆಗೆ 4 ಫೋನು, ರಾಜ್ಯದಲ್ಲಿ 5. ಅಂಕ 0.8. ಕೆಲವು ವರ್ಷಕ್ಕೆ ತಾಲ್ಲೂಕಿನದು 6 ಆಯ್ತು, ಬೆಂಗಳೂರಿನ ಓಟದಿಂದ ರಾಜ್ಯದ್ದು 10 ಆಯ್ತು. ಈಗ ಅಂಕ 0.6! ಊರಲ್ಲಿ ಫೋನು ಹೆಚ್ಚಾಗಿದೆ, ಊರು ಹಿಂದಕ್ಕೆ ಹೋಗಿದೆ. ಎರಡೂ ನಿಜ. ಅದಕ್ಕೇ ಇಂಥ ಸೂಚ್ಯಂಕ ನೋಡಿ "ಏನೂ ಆಗಿಲ್ಲ" ಅನ್ನೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ಅಂತರ ಅಳೆಯೋದು ಬೇರೆ, ಪ್ರಗತಿ ಅಳೆಯೋದು ಬೇರೆ.

ಇನ್ನೊಂದು ತೊಡಕು. 175ರ ಪಟ್ಟಿಯಲ್ಲಿ ಮಾವ ರಟ್ಟೀಹಳ್ಳಿ ಹುಡುಕಿದರು, ಇರಲಿಲ್ಲ. ಆಗ ಅದು ಹಿರೇಕೆರೂರು ತಾಲ್ಲೂಕಿನ ಒಂದು ಹೋಬಳಿ. ಆ ಹೊತ್ತಿಗೆ 'ಭೂಮಿ' ಯೋಜನೆ ಬಂದು ಕೈಬರಹದ ಉತಾರ ನಿಂತಿತ್ತು. ಕಂಪ್ಯೂಟರ್ ಉತಾರಕ್ಕೆ ತಾಲ್ಲೂಕು ಊರಿಗೇ ಹೋಗಬೇಕು. ಉತಾರಕ್ಕೆ 15 ರೂಪಾಯಿ, ಬಸ್ ಚಾರ್ಜು ಬೇರೆ, ಆ ದಿನದ ಹೊಲದ ಕೆಲಸ ಹೋಯ್ತು. ಹಿರೇಕೆರೂರಿನವರಿಗೆ ಬರೀ 15 ರೂಪಾಯಿ. ಒಂದೇ ತಾಲ್ಲೂಕು, ಒಂದೇ ಅಂಕ, ಖರ್ಚು ಮಾತ್ರ ಬೇರೆ ಬೇರೆ.

ತಮಾಷೆ ಅಂದ್ರೆ ಇದು ಮೊದಲು ಉಲ್ಟಾ ಇತ್ತು. ಬ್ರಿಟಿಷರ ಕಾಲದಲ್ಲಿ ಈ ಸೀಮೆಗೆ ಕೋಡ ತಾಲ್ಲೂಕು ಅಂತ ಹೆಸರು, 1864ರ ತನಕ ಅದರ ಮುಖ್ಯ ಸ್ಥಳ ರಟ್ಟೀಹಳ್ಳಿ! ಕುಮುದ್ವತಿ ದಂಡೆಯ ಊರು, ಕದಂಬೇಶ್ವರ ಗುಡಿ ಇದೆ, 1764ರಲ್ಲಿ ಮರಾಠರು ಹೈದರಾಲಿಯನ್ನ ಸೋಲಿಸಿದ್ದೂ ಇಲ್ಲೇ. ಆಮೇಲೆ ಕಚೇರಿ ಹೋಯ್ತು. ವಾಪಸು ಬಂದದ್ದು 2018ರಲ್ಲಿ, ಹೊಸ ತಾಲ್ಲೂಕುಗಳ ಜೊತೆ. ಒಂದೂವರೆ ಶತಮಾನದ ಮೇಲಾಗಿತ್ತು.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಆಯಿತು. ಮಾವನಿಗೆ ಫೋನಲ್ಲಿ ಹೇಳಿದೆ, ಈಗ ರಟ್ಟೀಹಳ್ಳಿಯನ್ನ ಬೇರೇನೇ ಅಳೀಬಹುದು ಮಾವಾ, ಆದ್ರೆ 2002ರ ಜೊತೆ ಹೋಲಿಸಬೇಕು ಅಂದ್ರೆ ಹಿರೇಕೆರೂರು, ರಟ್ಟೀಹಳ್ಳಿ ಎರಡನ್ನೂ ಜನಸಂಖ್ಯೆ ನೋಡಿ ಮತ್ತೆ ಕೂಡಿಸಬೇಕು, ಆಗಿನ ಹಿರೇಕೆರೂರು ಈಗಿನದಲ್ಲ, ಅಂತ.

"ಕೂಡಸ್ತಾರಾ?" ಅಂದರು ಮಾವ. "ಆತು, ಲೆಕ್ಕಕ್ಕಷ್ಟ ಕೂಡಸ್ಲಿ. ಉತಾರಕ್ಕ ಮತ್ತ ಹಿರೇಕೆರೂರಿಗೆ ಕಳಸೂದು ಬ್ಯಾಡ."